ವಾಲಿದ ಒಂದು

ಮುಂಬಯಿಗೆ ಹೋದ ಮೊದಲ ವರ್ಷ ನಾನು ರವಿವಾರಕ್ಕೊಂದು ಬಸ್ಸು ಹತ್ತುತ್ತಿದ್ದೆ. ಇಂಥಲ್ಲಿಗೇ ಹೋಗಬೇಕು ಅಂತ ಏನೂ ಇರುತ್ತಿರಲಿಲ್ಲ. ಹಾಸ್ಟೆಲಿನ ಮುಂದೆ ನಿಲ್ಲುವ ಬಸ್ಸುಗಳಲ್ಲಿ ಆ ವಾರ ಒಂದರ ಪಾಳಿ. ಅದರ ಮಹಡಿ ಏರಿ, ಮುಂದಿನ ಸೀಟು ಖಾಲಿಯಿದ್ದರೆ ಅಲ್ಲಿ ಕೂತು, ಕೊನೆಯ ಸ್ಟಾಪಿನವರೆಗೆ ಹೋಗುವುದು. ಅಲ್ಲಿಳಿದು ಕಾಲು ಸೋಲುವ ತನಕ ಬಂದ ದಾರಿಯಲ್ಲೇ ಹೊಳ್ಳಿ ನಡೆಯುವುದು. ಸೋತ ಮೇಲೆ ಮತ್ತೆ ಬಸ್ಸು. ಜೊತೆಯ ಹುಡುಗರು ಸಿನಿಮಾಕ್ಕೋ ಸಮುದ್ರದ ದಂಡೆಗೋ ಹೋಗುತ್ತಿದ್ದರು. ನನಗೆ ಊರು ಪೂರ್ತಿ ಬೇಕಾಗಿತ್ತು. ಬೈಲಹೊಂಗಲದಲ್ಲಿ ಹೈಸ್ಕೂಲು ಓದುವಾಗ ಒಂದು ತಾಸಿನಲ್ಲಿ ಊರನ್ನೆಲ್ಲ ಸುತ್ತಿ ಮುಗಿಸಿ ಮತ್ತೆ ಹತ್ತಿ ಅಂಗಡಿಗಳ ಮುಂದೆ ಬಂದು ನಿಲ್ಲುತ್ತಿದ್ದವನಿಗೆ, ಮುಗಿಯದ ಊರು ಅಂದರೆ ಮೊದಮೊದಲು ಭಯ, ಆಮೇಲೆ ಹಟ.

ಒಂದು ನೋಟ್‌ಬುಕ್ಕು ಇಟ್ಟಿದ್ದೆ. ಬಸ್ಸಿನ ನಂಬರು, ಅದು ಮುಟ್ಟುವ ಮೂಲೆ, ದಾರಿಯ ಗುರುತುಗಳು: ಮಿಲ್ಲಿನ ಚಿಮಣಿ, ಮೀನಿನ ಪೇಟೆ, ರೇಲ್ವೆ ಸೇತುವೆ, ಸುಡುಗಾಡು. ಎಲ್ಲ ಕನ್ನಡದಲ್ಲಿ, ಅಂಕಿಗಳೂ ಕನ್ನಡದವೇ. ಒಂದು ವರ್ಷ ತುಂಬುವುದರೊಳಗೆ ಆ ನೋಟ್‌ಬುಕ್ಕು ಮುಕ್ಕಾಲು ತುಂಬಿತ್ತು, ನನ್ನ ತಲೆ ಪೂರ್ತಿ ತಿರುಗಿತ್ತು. ಮುಂಬಯಿಯಲ್ಲೇ ಹುಟ್ಟಿದ ಹುಡುಗರು ನನ್ನನ್ನು ದಾರಿ ಕೇಳುತ್ತಿದ್ದರು. ನಾನು ಹುಬ್ಬು ಕೂಡ ಎತ್ತದೆ, ಇಂಥ ನಂಬರು ಹತ್ತು, ಇಂಥಲ್ಲಿ ಇಳಿ ಅನ್ನುತ್ತಿದ್ದೆ. ಆ ಸೊಕ್ಕು ಈಗ ನೆನಪಾದರೆ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಅಂಕಿಗಳ ಹುಚ್ಚು ಹಿಡಿಸಿದವನು ಅಣ್ಣ. ಅವನು ರಸ್ತೆಯ ಗ್ಯಾಂಗಿನಲ್ಲಿ ಕೂಲಿ. ನಮ್ಮೂರು, ಮುನವಳ್ಳಿಯಿಂದ ಸವದತ್ತಿಗೆ ಹೋಗುವ ದಾರಿಯಲ್ಲಿ, ರಸ್ತೆಗೆ ಹತ್ತಿಕೊಂಡೇ ಇತ್ತು. ಅಪ್ಪ ತೀರಿದಾಗ ಅಣ್ಣನಿಗೆ ನಾಲ್ಕನೇ ಇಯತ್ತೆ ಮುಗಿದಿತ್ತು. ಅಲ್ಲಿಗೆ ಸಾಲಿ ಬಿಟ್ಟು, ಮೊದಲು ಹೊಲಗಳಲ್ಲಿ ದುಡಿದು, ಮೀಸೆ ಬರುವ ಹೊತ್ತಿಗೆ ಗ್ಯಾಂಗು ಸೇರಿದ. ಖಡಿಕಲ್ಲು ಒಡೆಯುವುದು, ತಗ್ಗು ಮುಚ್ಚುವುದು, ಡಾಂಬರು ಕಾಸುವುದು. ಅವನಿಗಿಂತ ಹತ್ತು ವರ್ಷ ಸಣ್ಣವನಾದ ನಾನು ಓದಿದೆ. ಯಾರು ಓದಬೇಕು ಅಂತ ನಮ್ಮ ಮನೆಯಲ್ಲಿ ಒಂದು ದಿನವೂ ಮಾತಾಗಲಿಲ್ಲ. ಅದು ತಾನಾಗಿಯೇ ಆದದ್ದು ಅಂತ ನಾನು ಬಹಳ ವರ್ಷ ತಿಳಿದಿದ್ದೆ.

ಅವನ ಅಕ್ಷರ ಮುತ್ತಿನಂಥದು. ಮೈಲಿ ಹೋಗಿ ಕಿಲೋಮೀಟರು ಬಂದು, ಹಳೆಯ ಕಲ್ಲು ಕಿತ್ತು ಹೊಸ ಕಲ್ಲು ನೆಡುವಾಗ, ಗ್ಯಾಂಗಿನ ಮುಕಾದಮ ಒಂದು ದಿನ ಯಾರಿಗೆ ಬರೆಯಲು ಬರುತ್ತದೆ ಅಂತ ಕೇಳಿದನಂತೆ. ಅಣ್ಣ ಸುಣ್ಣ ಬಳಿದ ಕಲ್ಲಿನ ಮೇಲೆ ಕರಿ ಬಣ್ಣದಲ್ಲಿ ಬರೆದು ತೋರಿಸಿದ. ಅಂದಿನಿಂದ ಆ ಕೆಲಸ ಅವನದಾಯಿತು. ಸವದತ್ತಿ, ಮುರಗೋಡ, ಬೈಲಹೊಂಗಲ, ಆ ಕಡೆ ರಾಮದುರ್ಗದ ದಾರಿ, ಈ ಕಡೆ ಕಿತ್ತೂರಿನ ದಾರಿ, ಎಲ್ಲಿಂದ ಕರೆ ಬಂದರೂ ಬಣ್ಣದ ಡಬ್ಬಿ ಸೈಕಲ್ಲಿಗೆ ಕಟ್ಟಿಕೊಂಡು ಹೋಗುತ್ತಿದ್ದ. ಹೆಚ್ಚಿನ ಪಗಾರ ಏನೂ ಇರಲಿಲ್ಲ. ಆ ದಿನದ ಮಟ್ಟಿಗೆ ಖಡಿ ಒಡೆಯುವುದು ತಪ್ಪುತ್ತಿತ್ತು, ಅಷ್ಟೆ. ಆದರೆ ಅವನು ಬರೆದ ಕಲ್ಲಿನ ಹತ್ತಿರ ಬಸ್ಸು ಹಾದುಹೋಗುವಾಗ ಅವನ ಮುಖ ನೋಡಬೇಕಿತ್ತು. ಕಿಟಕಿಯಿಂದ ಎಲ್ಲರೂ ತನ್ನ ಅಂಕಿಯನ್ನೇ ನೋಡುತ್ತಿದ್ದಾರೆ ಅಂತ ಅವನ ನಂಬಿಕೆ.

ಬರೆಯುವಾಗ ನಾನು ಹತ್ತಿರ ನಿಂತರೆ ಪಾಠ ಶುರುವಾಗುತ್ತಿತ್ತು. "ಎಲ್ಲಾದಕಿಂತ ಒಂದು ಬರಿಯೂದ ಕಠಿಣ ನೋಡು ತಮ್ಮಾ," ಅನ್ನುತ್ತಿದ್ದ. "ಬಾಯಿ ಹೆಚ್ಚು ತಗದ್ರ ಕೊಕ್ಕಿ ಆಗತೈತಿ. ಮುಚ್ಚಿದ್ರ ಸೊನ್ನಿ ಆಗತೈತಿ. ವಾಲಿಸಿದ್ರ ಏನೂ ಆಗಂಗಿಲ್ಲ, ಬರದಾವನ ಮರ್ಯಾದಿ ಹೋಗತೈತಿ." ನಾನು ಬಿ.ಎ., ಎಂ.ಎ. ಪಂಡಿತರಿಂದ ಎಷ್ಟೋ ಪಾಠ ಕೇಳಿದ್ದೇನೆ. ಒಂದನ್ನೂ ಇಷ್ಟು ಚೆನ್ನಾಗಿ ನೆನಪಿಟ್ಟಿಲ್ಲ.

ಇಂಥ ಅಣ್ಣನ ಬಗ್ಗೆ ನಾನು ಮುಂಬಯಿಯಲ್ಲಿ ಸುಳ್ಳು ಹೇಳಿದೆ. ಬಟ್ಟೆ ಗಿರಣಿಯ ತಂತ್ರ ಕಲಿಸುವ ಕಾಲೇಜು ಅದು. ಹತ್ತಿ ಬೆಳೆಯುವ ಸೀಮೆಯವ ಅಂತ ಸೀಟು ಕೊಟ್ಟರೋ, ಮಾರ್ಕು ನೋಡಿ ಕೊಟ್ಟರೋ, ಒಟ್ಟು ಸಿಕ್ಕಿತ್ತು. ಹಾಸ್ಟೆಲಿನ ಮೊದಲ ವಾರ ಎಲ್ಲರೂ ತಮ್ಮ ತಮ್ಮ ಮನೆಯವರ ಸುದ್ದಿ ಹೇಳುತ್ತಿದ್ದರು. ಒಬ್ಬನ ತಂದೆಗೆ ಜಿನ್ನಿಂಗ್ ಫ್ಯಾಕ್ಟರಿ, ಇನ್ನೊಬ್ಬನ ಮಾವ ವಕೀಲ. ನನ್ನ ಪಾಳಿ ಬಂದಾಗ ಅಣ್ಣ ಲೋಕೋಪಯೋಗಿ ಇಲಾಖೆಯಲ್ಲಿದ್ದಾನೆ ಅಂದೆ. ಅದು ನಿಜವೇ. ಏನಾಗಿ ಅಂತ ನನ್ನ ಖೋಲಿಯ ಹುಡುಗ ಕೇಳಿದ. ಕೊಲ್ಹಾಪುರದ ಕಡೆಯವನು, ಒಳ್ಳೆಯವನು, ಕೇಳುವುದರಲ್ಲಿ ಯಾವ ಕೆಟ್ಟತನವೂ ಇರಲಿಲ್ಲ. ನನ್ನ ಬಾಯಿಂದ ಓವರಸಿಯರ್ ಅನ್ನುವ ಮಾತು, ಅಣ್ಣನ ಮುಕಾದಮನೂ ಕೈ ಮುಗಿಯುವ ಸಾಹೇಬನ ಹೆಸರು, ಬಂತು. ತಡೆಯಬೇಕು ಅನ್ನುವುದರೊಳಗೆ ಬಂದುಬಿಟ್ಟಿತ್ತು, ಆಮೇಲೆ ತಿದ್ದಬೇಕು ಅಂತ ನನಗೆ ಅನ್ನಿಸಲೂ ಇಲ್ಲ. ಓವರಸಿಯರನ ತಮ್ಮನಾಗಿ ಒಂದೂವರೆ ವರ್ಷ ಆರಾಮಾಗಿ ಉಂಡು ಮಲಗಿದೆ.

ಎರಡನೇ ವರ್ಷ ಸಂಕ್ರಮಣ ಮುಗಿದ ಮೇಲೆ ಅಣ್ಣನ ಕಾಗದ ಬಂತು. ಕೊರಳಲ್ಲಿ ಗಂಟು ಎದ್ದು ನಾಲ್ಕು ತಿಂಗಳಾಗಿತ್ತಂತೆ. ಡಾಂಬರಿನ ಹೊಗೆಗೆ ದನಿ ಕಟ್ಟಿದೆ ಅಂತ ತಿಳಿದು ಬಿಸಿನೀರು, ಜೇನುತುಪ್ಪ ಮಾಡಿದ್ದ. ಈಗ ದನಿ ಹೋಗಿ ಬರೀ ಗಾಳಿ ಬರುತ್ತಿದೆ. ಬೆಳಗಾವಿಯ ಡಾಕ್ಟರು ಮುಂಬಯಿಯ ದೊಡ್ಡ ದವಾಖಾನೆಗೆ ಚೀಟಿ ಕೊಟ್ಟು, ತಡ ಮಾಡಬೇಡ ಅಂದಿದ್ದಾರೆ. ನೀನು ಅಲ್ಲಿರುವಾಗ ನನಗೇನು ಚಿಂತೆ ಅಂತ ಬರೆದಿದ್ದ. ಆ ಕಾರ್ಡಿನಲ್ಲಿದ್ದ ತಾರೀಖಿನ ಅಂಕಿಗಳು ಎಂದಿನ ಹಾಗೆ ಮುದ್ದಾಗಿದ್ದವು.

ನಾನು ದವಾಖಾನೆಗೆ ಹೋಗಿ ವಿಚಾರಿಸಿ ಬಂದೆ. ಕೊರಳಿನ ಡಾಕ್ಟರು ಹೊಸ ರೋಗಿಗಳನ್ನು ನೋಡುವುದು ಮಂಗಳವಾರ ಮಾತ್ರ. ಬೆಳಗಿನ ಆರಕ್ಕೆ ಸಾಲು ಹಚ್ಚಿದರೆ ಕೇಸ್ ಪೇಪರ್ ಸಿಗುತ್ತದೆ, ಮಧ್ಯಾಹ್ನ ಹನ್ನೆರಡಾಗುವುದರೊಳಗೆ ರೋಗಿ ಬಂದಿರಬೇಕು. ಅಣ್ಣ ಬರುವ ರೈಲು, ಮಿರಜದಲ್ಲಿ ಗಾಡಿ ಬದಲಿಸಿ, ಬೋರಿಬಂದರಕ್ಕೆ ಏಳರ ಸುಮಾರಿಗೆ ಮುಟ್ಟುವುದು. ಸ್ಟೇಶನ್ನಿಗೆ ಹೋದರೆ ಸಾಲು ತಪ್ಪುತ್ತದೆ, ಸಾಲಿಗೆ ನಿಂತರೆ ಸ್ಟೇಶನ್ನಿಗೆ ಹೋಗಲಾಗದು. ಖೋಲಿಯ ಹುಡುಗನಿಗೆ ಇದು ತಿಳಿದಾಗ ತಾನೇ ಸ್ಟೇಶನ್ನಿಗೆ ಹೋಗಿ ಅಣ್ಣನನ್ನು ಕರೆದುತರುತ್ತೇನೆ ಅಂದ. ಟ್ಯಾಕ್ಸಿ ಮಾಡಿಸಿಕೊಂಡು ಬರುತ್ತೇನೆ, ಓವರಸಿಯರ್ ಸಾಹೇಬರನ್ನು ಗುರುತು ಹಿಡಿಯುವುದು ಹೇಗೆ ಹೇಳು ಅಂತ ನಗುತ್ತ ಕೇಳಿದ.

ಗುರುತು ಹೇಗೆ ಹೇಳಲಿ? ಡಾಂಬರಿನ ಕಲೆಯ ಧೋತರ, ಕರಿಹಿಡಿದ ಉಗುರು, ಖಡಿಯ ಚೂರು ಹಾರಿ ಹುಬ್ಬಿನ ಮೇಲೆ ಆದ ಗಾಯ. ನಾನು ಬೇಡ ಅಂದೆ. ಅಣ್ಣ ಸಾವಿರ ದಾರಿ ನೋಡಿದವನು, ಅವನಿಗೆ ದಾರಿ ತೋರಿಸುವುದು ಬೇಕಿಲ್ಲ ಅಂದೆ. ಆ ಹುಡುಗನಿಗೆ ಅದು ಅಭಿಮಾನದ ಮಾತಾಗಿ ಕೇಳಿಸಿರಬೇಕು, ಮತ್ತೆ ಒತ್ತಾಯ ಮಾಡಲಿಲ್ಲ.

ಆಮೇಲೆ ಕೂತು ಅಣ್ಣನಿಗೆ ಕಾಗದ ಬರೆದೆ. ನನ್ನ ನೋಟ್‌ಬುಕ್ಕಿನ ವಿದ್ಯೆಯನ್ನೆಲ್ಲ ಸುರಿದೆ. ಬೋರಿಬಂದರದ ಯಾವ ಬಾಗಿಲಿನಿಂದ ಹೊರಗೆ ಬರಬೇಕು, ಎಡಕ್ಕೆ ಎಷ್ಟು ಹೆಜ್ಜೆ, ಯಾವ ಕಂಬದ ಹತ್ತಿರ ನಿಲ್ಲಬೇಕು. "೧೧ನೇ ನಂಬರಿನ ಬಸ್ಸು ಹತ್ತು. ಬೇರೆ ಯಾವುದನ್ನೂ ಹತ್ತಬೇಡ. ಯಾರನ್ನೂ ಕೇಳುವ ಕಾರಣವಿಲ್ಲ. ಕೊನೆಯ ಸ್ಟಾಪಿನವರೆಗೆ ಕೂಡು. ಇಳಿದರೆ ಎದುರಿಗೇ ದವಾಖಾನೆಯ ಬಾಗಿಲು, ಅಲ್ಲಿ ನಾನಿರುತ್ತೇನೆ." ಹನ್ನೊಂದನ್ನು ದೊಡ್ಡದಾಗಿ, ಎರಡು ಸಲ ತಿದ್ದಿ, ಅವನೇ ಕಲಿಸಿದ ಹಾಗೆ ಬಾಯಿ ಅಳತೆಗೆ ತೆರೆದು ಬರೆದೆ. ದನಿ ಇಲ್ಲದವನಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ ಅಂತ ನನ್ನ ಬೆನ್ನನ್ನು ನಾನೇ ಚಪ್ಪರಿಸಿಕೊಂಡೆ.

ಮಂಗಳವಾರ ಬೆಳಗ್ಗೆ ಆರಕ್ಕಿಂತ ಮೊದಲೇ ಸಾಲಿನಲ್ಲಿದ್ದೆ. ನನ್ನ ಮುಂದೆ ಹದಿನೈದು ಇಪ್ಪತ್ತು ಜನ. ಕೇಸ್ ಪೇಪರ್ ಸಿಕ್ಕಿತು, ಅಣ್ಣನ ಹೆಸರು, ವಯಸ್ಸು, ಊರು ಬರೆಸಿದೆ. ಉದ್ಯೋಗ ಅಂತ ಕೇಳಿದಾಗ ಆಚೀಚೆ ನೋಡಿ ಕೂಲಿ ಅಂದೆ. ಎಂಟಕ್ಕೆ ಬಾಗಿಲಿಗೆ ಬಂದು ನಿಂತೆ. ಹನ್ನೊಂದನೇ ನಂಬರಿನ ಬಸ್ಸು ಬಂತು, ಜನ ಇಳಿದರು. ಮತ್ತೊಂದು ಬಂತು. ರೈಲು ತಡವಾಗಿರಬೇಕು ಅಂದುಕೊಂಡೆ. ಒಂಬತ್ತಾಯಿತು, ಹತ್ತಾಯಿತು. ಒಳಗಿನಿಂದ ಹೆಸರು ಕೂಗುವ ದನಿ ಹೊರಗೆ ಕೇಳುತ್ತಿತ್ತು. ಅಣ್ಣನ ಹೆಸರನ್ನು ಒಂದು ಸಲ ಕೂಗಿದರು. ಓಡಿಹೋಗಿ, ಈಗ ಬರುತ್ತಾರೆ ಅಂದೆ. ಅಲ್ಲಿದ್ದ ನರ್ಸಬಾಯಿ ಪೇಪರನ್ನು ಉಳಿದವುಗಳ ಕೆಳಗೆ ಇಟ್ಟಳು. ಆಮೇಲೆ ಇನ್ನೊಂದು ಸಲ ಕೂಗಿದರು. ಹನ್ನೆರಡೂವರೆಗೆ ಡಾಕ್ಟರು ಆಪರೇಶನ್ನಿಗೆ ಎದ್ದರು. ನಿಯಮ ನಿಯಮವೇ, ಯಾರ ತಪ್ಪೂ ಇರಲಿಲ್ಲ. ಮುಂದಿನ ಮಂಗಳವಾರ ಬರ್ರಿ ಅಂತ ಹೇಳಿದರು.

ಅಣ್ಣ ಬಂದಾಗ ನಾಲ್ಕು ಹೊಡೆದಿತ್ತು. ಬಸ್ಸಿನಿಂದ ಇಳಿಯಲಿಲ್ಲ, ನಡೆದು ಬಂದ. ರಸ್ತೆಯ ಅಂಚು ಹಿಡಿದು, ಗ್ಯಾಂಗಿನವರು ನಡೆಯುವ ಹಾಗೆ ಒಂದೇ ಹದಕ್ಕೆ ಹೆಜ್ಜೆ ಹಾಕುತ್ತ ಬಂದ. ಮೈಯೆಲ್ಲ ಧೂಳು. ನಾನಿದ್ದ ಕಡೆಯೇ ನೋಡುತ್ತ ಬಂದರೂ, ತೀರ ಹತ್ತಿರ ಬರುವ ತನಕ ಅವನ ಮುಖದಲ್ಲಿ ಇವನು ನನ್ನ ತಮ್ಮನೇ ಅನ್ನುವ ನಂಬಿಕೆ ಕಾಣಲಿಲ್ಲ. ಕೊರಳಿನ ಗಂಟು ಪೇರಲಕಾಯಿಯಷ್ಟಾಗಿತ್ತು. ಅದನ್ನು ನೋಡಿ ನನ್ನ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಹಾಗೇ ಇತ್ತು ಅನ್ನುವುದನ್ನು ಮುಚ್ಚಿಡಲಾರೆ.

ಬಾಗಿಲ ಹತ್ತಿರದ ಕಲ್ಲಿನ ಕಟ್ಟೆಯ ಮೇಲೆ ಕೂರಿಸಿ ಚಹಾ ತರಿಸಿಕೊಟ್ಟೆ. ಸ್ವಲ್ಪ ಸ್ವಲ್ಪವೇ ನುಂಗುತ್ತಿದ್ದ. ಎಲ್ಲಿ ಹೋಗಿದ್ದಿ ಅಂತ ಕೇಳಿದೆ. ಗಾಳಿಯಂಥ ದನಿಯಲ್ಲಿ, ನಡುನಡುವೆ ಕೈ ಮಾಡಿ ಹೇಳಿದ. ನಾನು ಹೇಳಿದ ಕಂಬದ ಹತ್ತಿರವೇ ನಿಂತಿದ್ದಾನೆ. ಎರಡು ಬಸ್ಸು ಬಿಟ್ಟು ಮೂರನೆಯದು ಹನ್ನೊಂದು. ಹತ್ತಿದ್ದಾನೆ. ಕಂಡಕ್ಟರನಿಗೆ ನನ್ನ ಕಾಗದ ತೋರಿಸಿದರೆ ಅವನಿಗೆ ಕನ್ನಡ ಬರುವುದಿಲ್ಲ. ಕೊನೆಯ ಸ್ಟಾಪು ಅಂತ ಅಣ್ಣ ಕೈ ಮಾಡಿ ತೋರಿಸಿದ್ದಾನೆ, ಕಂಡಕ್ಟರ ಟಿಕೀಟು ಕೊಟ್ಟಿದ್ದಾನೆ. ಅಣ್ಣ ಎರಡು ತಾಸು ಕೂತಿದ್ದಾನೆ. ಇಳಿದರೆ ದವಾಖಾನೆಯೂ ಇಲ್ಲ, ನಾನೂ ಇಲ್ಲ. ಬಸ್ಸು ನಿಲ್ಲಿಸುವ ಬಯಲು, ಅದರಾಚೆ ಕೆಸರು ನೀರು. ಮಾತಾಡಲು ಹೋದರೆ ಯಾರಿಗೂ ಕೇಳಿಸುವುದಿಲ್ಲ. ಕೊರಳು ಮುಟ್ಟಿ ಕೈ ಮುಗಿದು ತೋರಿಸಿದ್ದಾನೆ. ಒಬ್ಬ ಭಿಕ್ಷೆ ಅಂತ ತಿಳಿದು ಏನೋ ಕೊಡಲು ಬಂದ, ಇನ್ನೊಬ್ಬ ಸಣ್ಣ ದವಾಖಾನೆಯೊಂದಕ್ಕೆ ಕಳಿಸಿದ. ಅಲ್ಲಿನ ಕಾಂಪೌಂಡರನು ಬೆಳಗಾವಿ ಡಾಕ್ಟರ ಚೀಟಿ ಓದಿ ದಾರಿ ಹಚ್ಚಿಕೊಟ್ಟಿದ್ದಾನೆ. ಮತ್ತೆ ಬಸ್ಸು ಹತ್ತುವ ಧೈರ್ಯ ಬರಲಿಲ್ಲ.

"ಹನ್ನೊಂದ ಹತ್ತೇನಿ, ತಮ್ಮಾ," ಅಂದ. ಆಮೇಲೆ ಏನೋ ನೆನಪಾಗಿ, ಅಷ್ಟು ಸುಸ್ತಿನಲ್ಲೂ ಅವನ ತುಟಿ ತುಸು ಅರಳಿತು. "ಆದ್ರ ಇಲ್ಲಿ ನಂಬರ ಬರಿಯಾವನ ಕೈ ಸುಮಾರ ಐತಿ. ಎರಡೂ ಒಂದು ವಾಲ್ಯಾವು."

ಬಸಿಯಲ್ಲಿ ಉಳಿದ ಚಹಾದಲ್ಲಿ ಬೆರಳು ಅದ್ದಿ ಕಟ್ಟೆಯ ಮೇಲೆ ಬರೆದು ತೋರಿಸಿದ. ಕಂಡದ್ದನ್ನು ಕಂಡ ಹಾಗೆ ಬರೆಯುವ ಕೈ ಅದು. ಅಲ್ಲಿದ್ದದ್ದು ७७. ನಾಗರಿಯ ಎಪ್ಪತ್ತೇಳು.

ಮುಂಬಯಿಯ ಬಸ್ಸುಗಳ ಹಣೆಯ ಮೇಲೆ ಅಂಕಿ ಇರುವುದು ನಾಗರಿಯಲ್ಲಿ. ಇಂಗ್ಲಿಷ್ ಅಂಕಿ ಪಕ್ಕಕ್ಕೆ. ಎದುರಿಗೆ ಬರುವ ಬಸ್ಸಿಗೆ ಕಾಯುವವನು ಪಕ್ಕ ನೋಡುವುದಿಲ್ಲ. ನಾಗರಿಯ ಎರಡು, ಮೂರು, ನಾಲ್ಕು, ಆರು ನಮ್ಮವಕ್ಕೆ ದಾಯಾದಿಗಳ ಹಾಗೆ, ಮುಖ ನೋಡಿದರೆ ಗೊತ್ತಾಗುತ್ತದೆ. ಅವನ್ನು ನೋಡಿ ಅಣ್ಣನಿಗೆ ಇವು ನಮ್ಮ ಅಂಕಿಗಳೇ ಅನ್ನುವ ಭರವಸೆ ಬಂದಿರಬೇಕು. ಆದರೆ ನಾಗರಿ ಏಳು ನಮ್ಮ ಒಂದರ ವೇಷ ಹಾಕಿಕೊಂಡು ನಿಂತಿರುತ್ತದೆ. ನಮ್ಮ ಒಂದನ್ನು ತುಸು ವಾಲಿಸಿ ಬರೆದರೆ ಅದೇ ಏಳು. ನಾನು ಬೈಲಹೊಂಗಲದಲ್ಲಿ ಹಿಂದಿ ಕಲಿತವನು. ಬಸ್ಸಿನ ಹಣೆಯನ್ನು ನಾಗರಿಯಲ್ಲಿ ಓದಿ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೆ, ನಡುವೆ ಒಂದು ಭಾಷಾಂತರ ಆಗುತ್ತಿದೆ ಅನ್ನುವುದೇ ಮರೆತುಹೋಗಿತ್ತು. ನಾಲ್ಕನೇ ಇಯತ್ತೆಯ ಅಣ್ಣನಿಗೆ ಕನ್ನಡ ಅಂಕಿಯಲ್ಲಿ ಬರೆದು, ಬೇರೆ ಯಾವುದನ್ನೂ ಹತ್ತಬೇಡ, ಯಾರನ್ನೂ ಕೇಳಬೇಡ ಅಂತ ಅಪ್ಪಣೆ ಕೊಟ್ಟವನು ನಾನು. ಅವನು ನನ್ನ ಅಪ್ಪಣೆಯನ್ನು ಅಕ್ಷರಶಃ ಪಾಲಿಸಿದ್ದ.

ಕಟ್ಟೆಯ ಮೇಲಿನ ಚಹಾ ಒಣಗುವ ಮೊದಲು ಇದೆಲ್ಲ ನನಗೆ ತಿಳಿದಿತ್ತು. ಹೇಳುವುದಕ್ಕೆ ಒಂದು ಗಳಿಗೆ ಸಾಕಾಗಿತ್ತು. ಆದರೆ ಬೆಳಗ್ಗೆಯಿಂದ ಬಿಸಿಲಲ್ಲಿ ನಿಂತ ಸಿಟ್ಟು, ಊರೆಲ್ಲ ಬಲ್ಲವನು ಅನ್ನುವ ಹೆಮ್ಮೆ, ಅದರ ಹಿಂದೆ ಆ ಓವರಸಿಯರ್, ಎಲ್ಲ ಸೇರಿ ನನ್ನನ್ನು ತಡೆದವು. ತಪ್ಪು ನನ್ನದು ಅಂದರೆ, ಸ್ಟೇಶನ್ನಿಗೆ ಯಾರನ್ನಾದರೂ ಯಾಕೆ ಕಳಿಸಲಿಲ್ಲ ಅಂತ ಕೇಳುತ್ತಾನೆ ಅಂತ ಹೆದರಿದೆ.

"ನೀ ಸರಿಯಾಗಿ ನೋಡಿಲ್ಲಣ್ಣಾ," ಅಂದೆ. "ಬ್ಯಾರೆ ನಂಬರ ಇತ್ತು ಅದು. ನಿನಗ ಹನ್ನೊಂದು ಕಂಡೈತಿ."

ಅವನು ನನ್ನ ಮುಖ ನೋಡಿದ. ಆಮೇಲೆ ಕಟ್ಟೆಯ ಮೇಲೆ ತಾನು ಬರೆದದ್ದನ್ನು ನೋಡಿದ. ಎರಡೂ ಕಣ್ಣುಗಳನ್ನು ಅಂಗೈಯಿಂದ ತಿಕ್ಕಿಕೊಂಡು ಮತ್ತೆ ನೋಡಿದ. ಧೋತರದ ತುದಿಯಿಂದ ಅದನ್ನು ಒರೆಸಿ, ಇರಬೇಕು ಅನ್ನುವ ಹಾಗೆ ತಲೆಯಾಡಿಸಿದ. ನನ್ನ ಮಾತನ್ನು ಅವನು ಒಂದು ಸಲವೂ ಅನುಮಾನಿಸಲಿಲ್ಲ. ನಾನು ಓದಿದವನು.

ಒಂದು ವಾರ ಉಳಿದುಕೊಂಡರೆ ಮುಂದಿನ ಮಂಗಳವಾರ ತೋರಿಸಬಹುದಿತ್ತು. ಹಾಸ್ಟೆಲಿನಲ್ಲಿ ಹೊರಗಿನವರನ್ನು ಇಟ್ಟುಕೊಳ್ಳುವುದಿಲ್ಲ ಅಂತ ನಾನು ಹೇಳಿದೆ. ಇಟ್ಟುಕೊಳ್ಳುತ್ತಿದ್ದರು, ಎಷ್ಟೋ ಹುಡುಗರ ಅಪ್ಪಂದಿರು ವಾರಗಟ್ಟಲೆ ಇದ್ದು ಹೋಗಿದ್ದರು. ಗ್ಯಾಂಗಿನಲ್ಲಿ ಹಾಜರಿ ತಪ್ಪುತ್ತದೆ ಅಂತ ಅವನೂ ಅಂದ, ನಾನು ಅದನ್ನೇ ಗಟ್ಟಿ ಹಿಡಿದೆ. ಮುಂದಿನ ತಿಂಗಳು ಬಾ, ನಾನೇ ಸ್ಟೇಶನ್ನಿಗೆ ಬರುತ್ತೇನೆ ಅಂದೆ. ಸಂಜೆಯ ಗಾಡಿಗೆ ಕೂರಿಸಿದೆ. ಅವನ ಹೆಂಡತಿ, ನಮ್ಮ ವೈನಿ, ಕೊಟ್ಟಿದ್ದ ರೊಟ್ಟಿ, ಶೇಂಗಾ ಹಿಂಡಿಯ ಗಂಟನ್ನು ನನ್ನ ಕೈಗಿಟ್ಟ. ಅವನಿಗೆ ರೊಟ್ಟಿ ನುಂಗಲು ಬರುತ್ತಿರಲಿಲ್ಲ. ಅಷ್ಟೂ ನನಗೇ ಅಂತ ಕಟ್ಟಿದ್ದು.

ಖೋಲಿಯ ಹುಡುಗ ಕೇಳಿದಾಗ, ಓವರಸಿಯರ್ ಸಾಹೇಬರು ತಾಜ್ ಕಡೆಯ ಹೋಟೆಲಿನಲ್ಲಿ ಇಳಿದಿದ್ದರು, ಡಾಕ್ಟರು ಗಾಬರಿಪಡುವಂಥದೇನಿಲ್ಲ ಅಂದರು ಅಂತ ಹೇಳಿದೆ. ಸುಳ್ಳಿಗೂ ಒಂದು ಕೊನೆಯ ಸ್ಟಾಪು ಇರುತ್ತದೆ ಅಂತ ತಿಳಿದಿದ್ದೆ. ಇರಲಿಲ್ಲ.

ಆ ರವಿವಾರ ಎಪ್ಪತ್ತೇಳನೇ ನಂಬರಿನ ಬಸ್ಸು ಹತ್ತಿದೆ. ಅಲ್ಲಿಯವರೆಗೆ ನನ್ನ ನೋಟ್‌ಬುಕ್ಕಿಗೆ ಬಾರದ ಬಸ್ಸು ಅದು. ಊರು ಮುಗಿಯುತ್ತ ಬಂತು, ಕಾರಖಾನೆಗಳು ಬಂದವು, ಅವುಗಳ ಹೊಗೆಯ ಕೆಳಗೆ ತಗಡಿನ ಗುಡಿಸಲುಗಳು. ಆಮೇಲೆ ತೊಗಲು ಹದ ಮಾಡುವ ಕಡೆಯ ನಾತ, ಅದರಾಚೆ ಉಪ್ಪಿನ ಗದ್ದೆ. ಕೊನೆಯ ಸ್ಟಾಪಿನಲ್ಲಿ ಇಳಿದಾಗ ಕೆಸರು ನೀರಿನ ಬಯಲು ಅಣ್ಣ ಹೇಳಿದ ಹಾಗೆಯೇ ಇತ್ತು. ನಾನು ಅಲ್ಲಿಂದ ದವಾಖಾನೆಯ ತನಕ ನಡೆದೆ. ಗಟ್ಟಿಮುಟ್ಟಾದ ಇಪ್ಪತ್ತರ ಹುಡುಗನಿಗೆ, ದಾರಿ ಗೊತ್ತಿದ್ದವನಿಗೆ, ನಾಲ್ಕು ತಾಸು ಹಿಡಿಯಿತು. ಎರಡು ಕಡೆ ನೀರು ಬೇಡಿ ಕುಡಿದೆ. ಬೇಡಲು ನನಗೆ ದನಿ ಇತ್ತು. ಆ ದಿನದ ಮೇಲೆ ನೋಟ್‌ಬುಕ್ಕಿನಲ್ಲಿ ಏನೂ ಬರೆಯಲಿಲ್ಲ. ರವಿವಾರ ಹಾಸಿಗೆಯ ಮೇಲೆ ಬಿದ್ದುಕೊಂಡಿರುತ್ತಿದ್ದೆ.

ಮುಂದಿನ ತಿಂಗಳು ಬಾ ಅಂತ ಬರೆದೆ, ಅದರ ಮುಂದಿನ ತಿಂಗಳೂ ಬರೆದೆ. ಅಣ್ಣನಿಂದ ಒಂದೇ ಕಾರ್ಡು ಬಂತು. ಮುಂಬಯಿ ತನಗೆ ಆಗುವುದಿಲ್ಲ, ಹುಬ್ಬಳ್ಳಿಯಲ್ಲಿ ತೋರಿಸುತ್ತೇನೆ ಅಂತ ಬರೆದು, ಕೆಳಗೆ ಇನ್ನೊಂದು ಸಾಲು ಸೇರಿಸಿದ್ದ: ಕಣ್ಣು ಮೋಸ ಮಾಡುತ್ತಿರುವುದರಿಂದ ಕಲ್ಲು ಬರೆಯುವ ಕೆಲಸವನ್ನು ಬೇರೆಯವನಿಗೆ ಕೊಟ್ಟಿದ್ದೇನೆ. ಆ ಸಾಲನ್ನು ಓದಿ ಕಾರ್ಡನ್ನು ಪುಸ್ತಕದೊಳಗೆ ಇಟ್ಟೆ. ನಿಜ ಬರೆಯಬೇಕು ಅಂತ ಎಷ್ಟೋ ಸಲ ಕೂತೆ. ಏಳರಿಂದ ಶುರುಮಾಡಿದರೆ ಓವರಸಿಯರನ ತನಕ ಹೋಗಲೇಬೇಕು. ಎದುರಿಗೇ ಹೇಳಿದರಾಯಿತು, ಸೂಟಿ ಬರಲಿ ಅಂದುಕೊಂಡೆ.

ಮೇ ತಿಂಗಳಲ್ಲಿ ಪರೀಕ್ಷೆ ಮುಗಿಸಿ ಊರಿಗೆ ಹೋದೆ. ಸವದತ್ತಿಯಿಂದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಹೊಸದಾಗಿ ಬಣ್ಣ ಬಳಿದ ಕಲ್ಲುಗಳು ಒಂದೊಂದಾಗಿ ಬಂದವು. ಯಾರೋ ಅವಸರದಲ್ಲಿ ಬರೆದಿದ್ದರು. ಬಣ್ಣ ಕೆಳಗೆ ಇಳಿದಿತ್ತು, ಸೊನ್ನೆಗಳು ಚಪ್ಪಟೆಯಾಗಿದ್ದವು, ಒಂದರ ಬಾಯಿ ಒಂದೊಂದು ಕಲ್ಲಿನಲ್ಲಿ ಒಂದೊಂದು ಥರ. ಬಸ್ಸಿನಲ್ಲಿದ್ದ ಯಾರೂ ಅದನ್ನು ನೋಡಲಿಲ್ಲ.

ಅಣ್ಣ ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದ. ಹುಬ್ಬಳ್ಳಿಯಲ್ಲಿ ಕೊರಳಿಗೆ ತೂತು ಮಾಡಿ ಉಸಿರಾಡಲು ನಳಿಗೆ ಹಾಕಿ ಕಳಿಸಿದ್ದರು. ಮೂರು ತಿಂಗಳು ಮೊದಲು ಬಂದಿದ್ದರೆ ನೋಡಬಹುದಿತ್ತು ಅಂದರು ಅಂತ ವೈನಿ ಒಲೆಯ ಮುಂದೆ ಕೂತು ಹೇಳಿದಳು. ಒಂದು ವಾರ, ಒಂದು ತಿಂಗಳು, ಮೂರು ತಿಂಗಳು. ಯಾವ ದಿನಕ್ಕೆ ಬಾಗಿಲು ಮುಚ್ಚಿತೋ ನನಗೆ ಗೊತ್ತಿಲ್ಲ, ಮುಚ್ಚಿದವರಲ್ಲಿ ನಾನೂ ಒಬ್ಬ ಅನ್ನುವುದು ಗೊತ್ತು. ಗಾಳಿಯಂಥ ದನಿಯೂ ಈಗ ಇರಲಿಲ್ಲ. ತೊಡೆಯ ಮೇಲೆ ಒಂದು ಪಾಟಿ, ಕೈಯಲ್ಲಿ ಬಳಪ. ನಾನು ಸಣ್ಣವನಿದ್ದಾಗ ಬರೆಯುತ್ತಿದ್ದ ಪಾಟಿಯೇ, ಕಟ್ಟಿಗೆಯ ಚೌಕಟ್ಟು ಒಂದು ಕಡೆ ಬಿಟ್ಟಿತ್ತು. ಓದಲು ಬರುವವರು ಬಂದರೆ ಬೇಕಾದದ್ದನ್ನು ಅದರ ಮೇಲೆ ಬರೆದು ತೋರಿಸುತ್ತಿದ್ದ. ಸಂಜೆಹೊತ್ತು ಸುಮ್ಮನೆ ಒಂದು ಎರಡು ಬರೆದು, ಸರಿ ಅದಾವೇನು ಅಂತ ಕೈಸನ್ನೆ ಮಾಡಿ ತನ್ನನ್ನು ಕೇಳುತ್ತಾರೆ, ತನಗೇನು ಓದಲು ಬರುತ್ತದೆ ಅಂತ ವೈನಿ ಅಂದಳು. ಅವಳು ಸಾಲಿಗೆ ಹೋದವಳಲ್ಲ.

ಮರುದಿನ ಮಧ್ಯಾಹ್ನ ವೈನಿ ಹೊಲಕ್ಕೆ ಹೋದ ಮೇಲೆ ಅವನ ಪಕ್ಕ ಕೂತೆ. ಪಾಟಿ ಇಸಿದುಕೊಂಡು ನಮ್ಮ ಒಂದನ್ನು ಬರೆದೆ, ಅದರ ಪಕ್ಕ ನಾಗರಿಯ ಏಳನ್ನು ಬರೆದೆ. ಇದು ಅಲ್ಲಿನವರ ಏಳು, ಅವರು ಬರೆಯುವುದೇ ಹೀಗೆ, ನೀನು ನೋಡಿದ್ದು ಇದನ್ನು, ನಿನ್ನ ಕಣ್ಣಿಗೆ ಏನೂ ಆಗಿಲ್ಲ, ತಪ್ಪು ನನ್ನದು ಅಂತ ಹೇಳಿದೆ.

ಅಣ್ಣ ಬಹಳ ಹೊತ್ತು ಆ ಎರಡು ಅಂಕಿಗಳನ್ನು ನೋಡಿದ. ಬೆರಳ ತುದಿಯಿಂದ ಏಳರ ವಾಲಿಕೆಯ ಮೇಲೆ ಗಾಳಿಯಲ್ಲೇ ಒಂದು ಸಲ ಕೈಯಾಡಿಸಿದ. ಪಾಟಿ ತೆಗೆದುಕೊಂಡು ಒರೆಸಿ ಒಂದರಿಂದ ಹತ್ತರ ತನಕ ಒಂದೇ ಉಸಿರಿಗೆ ಬರೆದ. ಎಲ್ಲವೂ ಹಳೆಯ ಹಾಗೆ, ಕಲ್ಲಿನ ಮೇಲೆ ಇಟ್ಟಂತೆ ನಿಂತವು. ಅವನ ಕಣ್ಣಲ್ಲಿ ನೀರು ಬಂತು. ಅದು ಸಂತೋಷವೋ ಏನೋ ನನಗೆ ತಿಳಿಯಲಿಲ್ಲ. ತನ್ನ ಕೆಲಸವನ್ನು ಅವನು ತಾನಾಗಿಯೇ ಬಿಟ್ಟುಕೊಟ್ಟು ಮೂರು ತಿಂಗಳಾಗಿತ್ತು, ಮತ್ತೆ ಸೈಕಲ್ಲು ಹತ್ತುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

ಅಂಕಿಗಳನ್ನು ಒರೆಸಿ ಬರೆದು ತೋರಿಸಿದ: "ಆವತ್ತ ಯಾಕ ಹೇಳಲಿಲ್ಲ?"

ಬರೆದು, ಕೆಳಗೆ ಜಾಗ ಬಿಟ್ಟು, ಬಳಪವನ್ನು ನನ್ನ ಕಡೆ ಹಿಡಿದ. ನನಗೆ ಮಾತು ಬರುತ್ತದೆ ಅನ್ನುವುದು ಅವನಿಗೆ ಮರೆತಿತ್ತೋ, ಬೇಕೆಂದೇ ಹಿಡಿದನೋ. ನಾನು ಬಳಪ ತೆಗೆದುಕೊಳ್ಳಲಿಲ್ಲ, ಬಾಯಿಂದಲೇ ಹೇಳಿದೆ. ಖೋಲಿಯ ಹುಡುಗ, ಸ್ಟೇಶನ್ನು, ಹಾಸ್ಟೆಲು, ಎಲ್ಲ ಹೇಳಿದೆ. ಅಲ್ಲಿ ಎಲ್ಲರಿಗೂ ನಿನ್ನನ್ನು ಓವರಸಿಯರ್ ಅಂತ ಹೇಳಿಬಿಟ್ಟಿದ್ದೆ ಅಂದೆ.

ಅಣ್ಣನ ಭುಜಗಳು ಅಲುಗಿದವು. ಕೊರಳಿನ ನಳಿಗೆಯಲ್ಲಿ ಗಾಳಿ ಸುಯ್ಯೆಂದಿತು. ನಗುತ್ತಿದ್ದಾನೆ ಅಂತ ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನಗು ನಿಂತ ಮೇಲೆ ಪಾಟಿಯನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡು, ಬಿಟ್ಟ ಜಾಗದಲ್ಲಿ ನಿಧಾನವಾಗಿ ಬರೆದು ನನ್ನ ಕಡೆ ತಿರುಗಿಸಿದ.

"ಓವರಸಿಯರಗ ಅಂಕಿ ಬರಿಯಾಕ ಬರತೈತೇನು?"

ಇಲ್ಲ ಅಂದೆ. ಅವನು ಪಾಟಿ ಒರೆಸಿದ.